ಅತ್ತೆಗೆ ನೀರು ಕೊಡಬೇಡಿ

ಅಕೆನೇಸೆಯನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಮಗನ ಬಸ್ಸಿನಲ್ಲಿ. ಮಗ ಫಾಲನಿಕೊ, ತಮ್ಮ ಊರಿಗೂ ಅಪಿಯಾ ಪೇಟೆಗೂ ನಡುವೆ ಮರದ ಮೈಯ ಬಸ್ಸು ಓಡಿಸುತ್ತಿದ್ದ. ಆ ದಿನ ಮುಂದಿನ ಸೀಟುಗಳಿಗೆ ದಿಂಬು ಜೋಡಿಸಿ ತಾಯಿಯನ್ನು ಮಲಗಿಸಿದ. ಅಲ್ಲಿ ಕೂರಬೇಕಾದವರು ಹಿಂದಿನವರ ತೊಡೆಯ ಮೇಲೆ ಕೂತರು. ಯಾರೂ ಗೊಣಗಲಿಲ್ಲ. ದಿನವೂ ಕಿವಿ ಕಿತ್ತುಹೋಗುವಂತೆ ಹಾಡು ಹಾಕುವವನು ಅಂದು ಅದನ್ನೂ ಹಾಕಲಿಲ್ಲ. ಊರು ಬಂದಾಗ ತಾಯಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು, ದೀವಿಹಲಸಿನ ಮರದ ಕೆಳಗೆ ಜಲ್ಲಿ ತುಳಿಯುತ್ತ ಬಂದು, ಮನೆಯೊಳಗೆ ಹೊಸ ಚಾದರ ಹೊದಿಸಿದ ಮಂಚದ ಮೇಲೆ ಇಳಿಸಿದ.

ಅದನ್ನು ಇಡೀ ಊರು ನೋಡಿತು. ಊರಿನ ಹೆಚ್ಚಿನ ಮನೆಗಳ ಹಾಗೆ ಇವರ ಮನೆಗೂ ಸುತ್ತ ಕಂಬಗಳಿದ್ದವೇ ಹೊರತು ಗೋಡೆಗಳಿರಲಿಲ್ಲ. ಯಾರೂ ಇಣುಕಬೇಕಾಗಿರಲಿಲ್ಲ; ಕಣ್ಣು ತೆರೆದಿದ್ದರೆ ಸಾಕಿತ್ತು.

"ಅದೃಷ್ಟವಂತೆ ಕಣೆ ನೀನು," ಎಂದಳು ಮೂರನೇ ಮನೆಯ ಎಸೆತಾ. ಅವಳೂ ಅಕೆನೇಸೆಯೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. "ನನ್ನ ಮಗ ನನ್ನ ಎತ್ತೋದಿರ್ಲಿ, ನನ್ನ ಚೀಲ ಎತ್ತಲ್ಲ."

"ನೀನೂ ಒಂದ್ಸಲ ಬಿದ್ದು ನೋಡು," ಎಂದಳು ಅಕೆನೇಸೆ ದಿಂಬಿಗೆ ಒರಗುತ್ತ.

ಅವಳು ಬಿದ್ದದ್ದು ಬಟ್ಟೆ ಒಗೆಯುವ ನಲ್ಲಿಯ ಹತ್ತಿರ, ಪಾಚಿಗೆ ಕಾಲು ಜಾರಿ. ಸೊಂಟದ ಕೀಲಿನ ಕೆಳಗೆ ಮೂಳೆ ಮುರಿದಿತ್ತು. ಡಾಕ್ಟರು ಉಕ್ಕಿನ ಮೊಳೆ ಕೂಡಿಸಿ, ಇನ್ನು ನಡೆಯಬಹುದು ಎಂದು ಹೇಳಿ, ನಾಲ್ಕು ಕಾಲಿನ ವಾಕರ್ ಒಂದನ್ನು ಕೊಟ್ಟು ಕಳಿಸಿದ್ದರು. ವಾಕರ್ ಕಂಬಕ್ಕೆ ಒರಗಿ ನಿಂತಿತು. ಸಂಜೆಯ ಹೊತ್ತಿಗೆ ಯಾರೋ ಅದರ ಮೇಲೆ ಒದ್ದೆ ಟವೆಲ್ ಹರವಿದರು.

ಫಾಲನಿಕೊನ ಹೆಂಡತಿ ಮಾಕೆರಿತಾ ಅತ್ತೆಯ ಸೇವೆಗೆ ನಿಂತಳು. ಬೆಳಗ್ಗೆ ಎದ್ದು ಕೋಕೋ ಬೀಜ ಕುಟ್ಟಿ ಕುದಿಸಿ ಬಟ್ಟಲನ್ನು ಅತ್ತೆಯ ಕೈಗಿಡುವುದು, ಮುಖ ಒರೆಸುವುದು, ಬಟ್ಟೆ ಬದಲಿಸುವುದು, ಕೆಸುವಿನ ಗೆಡ್ಡೆ ಬೇಯಿಸಿ ತೆಂಗಿನ ಹಾಲು ಹಾಕಿ ಮೆತ್ತಗೆ ಮಾಡಿ ತರುವುದು, ಅತ್ತೆ ಉಣ್ಣುವಷ್ಟು ಹೊತ್ತೂ ಪಕ್ಕದಲ್ಲಿ ಕೂತು ತಟ್ಟೆಯ ಮೇಲೆ ನೊಣ ಕೂರದಂತೆ ಬೀಸಣಿಗೆ ಆಡಿಸುವುದು. ಅವಳು ದ್ವೀಪದ ಆಚೆ ಬದಿಯ ಊರಿನವಳು. ಮದುವೆಯಾಗಿ ಗಂಡನ ಊರಿಗೆ ಬಂದ ಹೆಂಗಸಿನ ಬೆಲೆ ಅವಳ ಕೈಕೆಲಸದಲ್ಲಿದೆ ಎಂಬುದನ್ನು ಬಂದ ವಾರವೇ ಕಲಿತಿದ್ದಳು. ಈಗಲೂ ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ಬೀಸಣಿಗೆ ತಾನಾಗಿ ಚುರುಕಾಗುತ್ತಿತ್ತು.

ಅಕೆನೇಸೆಗೆ ಇದು ಚೆನ್ನಾಗಿ ಒಗ್ಗಿತು. "ನನ್ನ ಅತ್ತೆಗೆ ಬೀಸಿ ಬೀಸಿ ನನ್ನ ಮೊಣಕೈ ಸವೆದಿದೆ," ಎಂದಳು ಮೊಮ್ಮಗಳು ವಾಯೊಲಾಳಿಗೆ. "ಅವಳು ಹೋದ ದಿನಾನೂ ಬೀಸ್ತಾ ಇದ್ದೆ. ಈಗ ನನ್ನ ಸರದಿ."

"ಹಾಗಾದ್ರೆ ಅಮ್ಮನ ಸರದಿ ಯಾವಾಗ ಅಜ್ಜಿ?"

"ನಿಂಗೆ ಮದ್ವೆ ಆಗ್ಲಿ, ಆಗ."

"ನಾನು ಮದ್ವೆ ಆದ್ರೆ ಇನ್ನೊಬ್ಬರ ಮನೆಗೆ ಹೋಗ್ತೀನಲ್ಲ."

"ಹಾಗಾದ್ರೆ ನಿನ್ನ ತಮ್ಮಂದಿರಿಗೆ ಆಗ್ಲಿ. ಹೋಗು, ತಲೆ ತಿನ್ಬೇಡ. ಆ ದಿಂಬು ಸ್ವಲ್ಪ ಮೇಲೆ ಎಳಿ."

ಎರಡನೇ ವಾರದಲ್ಲಿ ಆಕ್ಲೆಂಡಿನಿಂದ ಮಗಳು ಮಾಸಿನಾ ಕಳಿಸಿದ ಗಾಲಿಕುರ್ಚಿ ಹಡಗಿನಲ್ಲಿ ಬಂತು. ಹೊಳೆಯುವ ಗಾಲಿ, ಕೆಂಪು ಮೆತ್ತೆ. ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಜಲ್ಲಿಯ ಮೇಲೆ ಅದು ಒಂದು ಮಾರೂ ಉರುಳಲಿಲ್ಲ, ಗಾಲಿ ಹೂತುಕೊಂಡಿತು. ಫಾಲನಿಕೊ ಕುರ್ಚಿ ಸಮೇತ ತಾಯಿಯನ್ನು ಎತ್ತಿ ಮನೆಯ ಮುಂಭಾಗದ ಕಂಬದ ಹತ್ತಿರ ಇಟ್ಟ. ಅಲ್ಲಿಂದ ರಸ್ತೆ, ಚರ್ಚು, ಎಸೆತಾಳ ಮನೆಯ ಅಡುಗೆ ಹೊಗೆ, ಎಲ್ಲ ಕಾಣುತ್ತಿತ್ತು. ಅಕೆನೇಸೆ ದಿನವಿಡೀ ಅಲ್ಲಿ ಕೂತು ಹೋಗಿಬರುವವರನ್ನು ಮಾತಾಡಿಸತೊಡಗಿದಳು.

ಆ ಹೊತ್ತಿಗೆ ಲೂಪೆ ಬಂದಳು. ಆಸ್ಪತ್ರೆಯ ಫಿಸಿಯೋಥೆರಪಿಸ್ಟ್. ಮುರಿದ ಕಾಲಿನವರು, ಲಕ್ವ ಹೊಡೆದವರು ಇದ್ದ ಮನೆಗಳಿಗೆಲ್ಲ ಜೀಪಿನಲ್ಲಿ ಹೋಗುತ್ತಿದ್ದಳು. ಹಳ್ಳಿಗಳಲ್ಲಿ ಅವಳಿಗೆ ಕಾಲಿನ ಹುಡುಗಿ ಎಂದೇ ಹೆಸರು. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಒಳಗೆ ಬಂದು, ಚಾಪೆಯ ಮೇಲೆ ಚಕ್ಕಲಮಕ್ಕಲ ಹಾಕಿ ಕೂತಳು.

"ಊಟ ಆಯ್ತಾ ಅಜ್ಜಿ?"

"ಆಯ್ತು. ನಿಂದು?"

"ಇನ್ನೂ ಇಲ್ಲ."

"ಮಾಕೆರಿತಾ, ಹುಡುಗಿಗೆ ಏನಾದ್ರೂ ತಾ."

"ಅಕ್ಕ ತಂದ್ರೆ ಬೇಡ. ನೀವೇ ಎದ್ದು ತಂದುಕೊಟ್ರೆ ತಿಂತೀನಿ," ಎಂದಳು ಲೂಪೆ.

ವಾಯೊಲಾ ಬಾಯಿಗೆ ಕೈ ಅಡ್ಡ ಹಿಡಿದಳು. ಮಾಕೆರಿತಾಳ ಬೀಸಣಿಗೆ ನಿಂತಿತು. ಅಕೆನೇಸೆ ಆ ಹುಡುಗಿಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಯಾರ ಮಗಳೇ ನೀನು?"

ಲೂಪೆ ತನ್ನ ಊರು, ತಂದೆಯ ಹೆಸರು, ಅಜ್ಜನಿಗಿದ್ದ ಊರ ಮುಖಂಡನ ಪಟ್ಟ ಎಲ್ಲ ಹೇಳಿದಳು.

"ಒಳ್ಳೆ ಮನೆತನ. ಹಾಗಿದ್ದೂ ಮುದುಕೀರಿಗೆ ಕೆಲಸ ಹೇಳೋ ಬುದ್ಧಿ ಎಲ್ಲಿಂದ ಬಂತು?"

"ಸಂಬಳ ಕೊಟ್ಟು ಮಾಡಿಸ್ತಿದ್ದಾರೆ ಅಜ್ಜಿ. ಏನ್ಮಾಡ್ಲಿ. ಎಲ್ಲಿ, ಒಂದ್ಸಲ ಎದ್ದು ನಿಲ್ಲಿ ನೋಡಣ."

ಅಂತೂ ಎಬ್ಬಿಸಿದಳು. ವಾಕರ್ ಮೇಲಿನ ಟವೆಲ್ ತೆಗೆದು ಮಡಿಸಿಟ್ಟು, ಅಕೆನೇಸೆಯ ಸೊಂಟಕ್ಕೆ ಕೈ ಕೊಟ್ಟು, ಕುರ್ಚಿಯಿಂದ ಪಕ್ಕದ ಕಂಬದವರೆಗೆ ನಡೆಸಿದಳು. ಅಕೆನೇಸೆ ಹೆಜ್ಜೆಗೊಂದು ಸಲ ದೇವರನ್ನು ಕರೆದಳು.

"ಸತ್ತೇಹೋಗ್ತೀನಿ!"

"ನೋಯುತ್ತೆ ಅಜ್ಜಿ, ಗೊತ್ತು. ಆದ್ರೆ ಮೊಳೆ ಹಾಕಿದ ಮೂಳೆ ಗಟ್ಟಿಯಾಗಿ ನಿಂತಿದೆ. ನೋಯ್ತಿರೋದು ಮಾಂಸಖಂಡ. ಕೂತೂ ಕೂತೂ ಅದಕ್ಕೆ ಸೋಮಾರಿತನ ಬಂದಿದೆ."

"ಅದಕ್ಕೆ ತಾನೆ? ನಂಗಲ್ಲ ತಾನೆ?"

"ಅದಕ್ಕೇ ಅಜ್ಜಿ, ನಿಮಗೆ ಅಂತೀನಾ?"

ಹೊರಡುವಾಗ ಲೂಪೆ ಮಾಕೆರಿತಾಳನ್ನು ಜೀಪಿನ ಹತ್ತಿರ ಕರೆದಳು. "ಅಕ್ಕ, ಒಂದು ಮಾತು. ಅತ್ತೆಗೆ ನೀರು ಕೊಡಬೇಡಿ."

"ಏನು?"

"ಕೈಗೆ ಕೊಡಬೇಡಿ ಅಂದೆ. ಜಗ್ ಆ ಕಂಬದ ಹತ್ರ ಇಡಿ. ಬಾಯಾರಿದ್ರೆ ಎದ್ದು ಹೋಗಿ ಕುಡೀಲಿ. ಮುಖ ಅವರೇ ತೊಳ್ಕೊಳ್ಳಲಿ, ಬಟ್ಟೆ ಅವರೇ ಮಡಚಲಿ. ನಾನು ವಾರಕ್ಕೊಂದ್ಸಲ ಬಂದು ಕಂಬದವರೆಗೆ ನಡೆಸಿದ್ರೆ ಏನೂ ಆಗಲ್ಲ. ದಿನಾ ಓಡಾಡ್ಬೇಕು. ಮನೆಕೆಲಸಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ."

"ಊರೆಲ್ಲ ನೋಡುತ್ತಲ್ಲಮ್ಮ. ಸೊಸೆ ಕೂತಿದ್ದಾಳೆ, ಅತ್ತೆ ನೀರು ತರ್ತಿದ್ದಾಳೆ ಅಂದ್ರೆ?"

"ಊರಿಗೆ ನಾನು ಹೇಳ್ಲಾ?"

"ಅಯ್ಯೋ ಬೇಡ! ಅದೊಂದು ಬೇಡ."

ಮಾಕೆರಿತಾ ಎರಡು ದಿನ ಯೋಚಿಸಿದಳು. ಮೂರನೆಯ ದಿನ, ಗಂಡ ಬಸ್ಸು ತೆಗೆದುಕೊಂಡು ಹೋದಮೇಲೆ, ನೀರಿನ ಜಗ್ಗನ್ನು ಕಂಬದ ಬುಡದಲ್ಲಿ ಸ್ಟೂಲಿನ ಮೇಲಿಟ್ಟು, "ಅತ್ತೆ, ನೀರು ಅಲ್ಲಿದೆ. ವಾಕರ್ ನಿಮ್ಮ ಪಕ್ಕದಲ್ಲೇ ಇದೆ," ಎಂದು ಹೇಳಿ, ಉತ್ತರಕ್ಕೆ ಕಾಯದೆ ಹಿತ್ತಲಿನ ಅಡುಗೆಮನೆಗೆ ಓಡಿದಳು. ಅಲ್ಲಿ ಬಟ್ಟಲು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಡುನಡುವೆ ಬಾಳೆಗಿಡದ ಸಂದಿಯಿಂದ ನೋಡಿದಳು. ಅಕೆನೇಸೆ ಜಗ್ಗಿನತ್ತ ತಿರುಗಿಯೂ ನೋಡಲಿಲ್ಲ. ಬಿಸಿಲು ನೆತ್ತಿಗೆ ಬಂತು. ನೀರು ಕೇಳಲೂ ಇಲ್ಲ, ಏಳಲೂ ಇಲ್ಲ. ಹಾಗೇ ರಸ್ತೆ ನೋಡುತ್ತ ಕೂತಳು.

ಮಧ್ಯಾಹ್ನ ಎಸೆತಾ ಬಂದಳು.

"ಯಾಕೆ ಅಕೆನೇಸೆ, ತುಟಿ ಒಣಗಿದೆ?"

"ನೀರು ಅಲ್ಲಿದೆಯಂತೆ," ಎಂದಳು ಅಕೆನೇಸೆ. "ನಾನೇ ಹೋಗಿ ಕುಡೀಬೇಕಂತೆ."

ಎಸೆತಾ ನೇರ ಕಂಬದ ಹತ್ತಿರ ಹೋದಳು. ನೀರು ತಂದುಕೊಟ್ಟು, ಅಕೆನೇಸೆ ಕುಡಿದು ಮುಗಿಸುವವರೆಗೆ ಕಾದು, ಲೋಟ ತೊಳೆದಿಟ್ಟು, ಹಿತ್ತಲಿನ ಕಡೆ ಕಣ್ಣು ಹಾಯಿಸದೆ ಮನೆಗೆ ಹೋದಳು. ಮಾಕೆರಿತಾ ಅದೇ ಬಟ್ಟಲುಗಳನ್ನು ಮೂರನೆಯ ಸಲ ತೊಳೆಯತೊಡಗಿದಳು.

ಸಂಜೆಯ ಪ್ರಾರ್ಥನೆ ಮುಗಿದು, ಚಾಪೆಯ ಮೇಲೆ ಊಟ ಇಟ್ಟರು. ಫಾಲನಿಕೊ ಮತ್ತು ತಾಯಿಗೆ ಮೊದಲು. ಮೀನು, ಕೆಸುವಿನ ಎಲೆಯಲ್ಲಿ ಕಟ್ಟಿ ಬೇಯಿಸಿದ ತೆಂಗಿನ ಹಾಲು, ಬೇಯಿಸಿದ ಬಾಳೆಕಾಯಿ. ಫಾಲನಿಕೊ ತಟ್ಟೆ ಮುಟ್ಟಲಿಲ್ಲ.

"ನನ್ನ ಬಸ್ಸಲ್ಲಿ ಕೂತ್ಕೊಂಡು ಹೆಂಗಸರು ಮಾತಾಡ್ತಾರೆ, ನಂಗೇ ಕೇಳೋ ಹಾಗೆ. ನನ್ನ ತಾಯಿಗೆ ಮನೇಲಿ ನೀರಿಲ್ಲ ಅಂತ. ಒಂದು ಲೋಟ ನೀರು ಕೊಡೋಕೂ ಕೈ ಬರಲ್ವಾ ನಿಂಗೆ?"

"ಆ ಹುಡುಗಿ ಹೇಳಿದ್ಲು..."

"ಆ ಹುಡುಗಿ ಈ ಊರಲ್ಲಿ ಬಾಳ್ವೆ ಮಾಡ್ತಾಳಾ, ನಾವು ಮಾಡ್ತೀವಾ?"

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಮಾಸಿನಾಳ ಮುಖ. ಸುದ್ದಿ ಬಸ್ಸಿಗಿಂತ ಮೊದಲೇ ಆಕ್ಲೆಂಡ್ ತಲುಪಿತ್ತು.

"ಅತ್ತಿಗೆ, ಕೆಲಸ ಜಾಸ್ತಿ ಆದ್ರೆ ಹೇಳು, ದುಡ್ಡು ಕಳಿಸ್ತೀನಿ, ಯಾರನ್ನಾದ್ರೂ ಇಟ್ಕೋ. ಅಮ್ಮನ್ನ ಯಾಕೆ ದುಡಿಸ್ತೀಯ?"

"ದುಡಿಸ್ತಿಲ್ಲ ಮಾಸಿನಾ. ನಡೀಬೇಕಂತೆ ಅವರು."

"ನಡೆಸೋ ವಿಷಯ ನಂಗೆ ಹೇಳ್ಬೇಡ! ಇಲ್ಲಿ ವೃದ್ಧಾಶ್ರಮದಲ್ಲಿ ಮುದುಕರನ್ನ ದಿನಾ ಎಬ್ಬಿಸಿ ನಡೆಸೋದೇ ನನ್ನ ಕೆಲಸ. ಅವರನ್ನ ನೋಡ್ಕೊಳ್ಳೋಕೆ ಮನೇಲಿ ಜನ ಇಲ್ಲ, ಪಾಪ, ಅದಕ್ಕೆ ನಡೀಬೇಕು. ನಮ್ಮಮ್ಮಂಗೆ ನಾವಿದ್ದೀವಿ."

ವಾಯೊಲಾ ಫೋನಿನ ಕಡೆ ತಲೆ ಚಾಚಿದಳು. "ಮಾಸಿನತ್ತೆ, ಅವರು ನಡೀತಾರಾ?"

"ಯಾರು?"

"ಆ ಮುದುಕರು."

"ನಡೀತಾರೆ. ತೊಂಬತ್ತು ವರ್ಷದವಳೊಬ್ಬಳು ಇದ್ದಾಳೆ, ತೋಟ ಸುತ್ತಿ ಬರ್ತಾಳೆ," ಎಂದಳು ಮಾಸಿನಾ. "ಅದು ಬೇರೆ. ದೊಡ್ಡವರ ಮಧ್ಯೆ ನಿಂಗೇನು ಮಾತು? ಅಪ್ಪನಿಗೆ ಕೊಡು ಫೋನು."

ಅಕೆನೇಸೆ ಇಷ್ಟು ಹೊತ್ತೂ ಮೀನಿನ ಮುಳ್ಳು ಬಿಡಿಸುತ್ತಿದ್ದಳು. "ಜಗಳ ಸಾಕು," ಎಂದಳು. "ನೀರು ಕೊಡು." ಮಾಕೆರಿತಾ ಎದ್ದು ಕೊಟ್ಟಳು. ಮರುದಿನ ಜಗ್ಗು ಮೊದಲಿನ ಜಾಗಕ್ಕೆ ಬಂತು.

ಲೂಪೆ ಮತ್ತೆ ಬಂದಾಗ ಫಾಲನಿಕೊ ಬೇಕೆಂದೇ ಬಸ್ಸು ಬಿಡದೆ ಮನೆಯಲ್ಲಿದ್ದ. ನಾಲ್ಕು ಮಾತು ಹೇಳಿ ಕಳಿಸಬೇಕೆಂದುಕೊಂಡಿದ್ದ. ಅವನು ಬಾಯಿ ತೆರೆಯುವ ಮೊದಲೇ ಲೂಪೆ ಅಕೆನೇಸೆಯ ಕಾಲನ್ನು ತನ್ನ ಮಡಿಲಿಗೆ ತೆಗೆದುಕೊಂಡು ಹಿಮ್ಮಡಿ ತಿರುಗಿಸಿ ನೋಡುತ್ತಿದ್ದಳು.

"ಅಣ್ಣ, ಇಲ್ಲಿ ಬನ್ನಿ ಸ್ವಲ್ಪ."

ಹಿಮ್ಮಡಿಯಲ್ಲಿ ಕೆಂಪು ಗುರುತಿತ್ತು, ಒತ್ತಿದರೂ ಮಾಸದ ಕೆಂಪು. ಮುರಿದ ಕಡೆಯ ತೊಡೆ ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಸಣ್ಣಗಾಗಿತ್ತು.

"ನಿಮ್ಮ ಬಸ್ಸು ಒಂದೆರಡು ತಿಂಗಳು ನಿಂತಲ್ಲೇ ನಿಂತ್ರೆ ಏನಾಗುತ್ತೆ?"

ಫಾಲನಿಕೊಗೆ ಈ ಪ್ರಶ್ನೆ ನಿರೀಕ್ಷೆಯಲ್ಲಿರಲಿಲ್ಲ. "ಬ್ಯಾಟರಿ ಇಳಿಯುತ್ತೆ."

"ಟೈರು?"

"ನಿಂತ ಕಡೆ ಚಪ್ಪಟೆ ಆಗುತ್ತೆ."

"ಅಮ್ಮಂದೂ ಅದೇ ಆಗ್ತಿದೆ. ಹುಷಾರು ತಪ್ಪಿರೋದು ಬಿದ್ದಿದ್ದಕ್ಕಲ್ಲ ಅಣ್ಣ. ಅದು ವಾಸಿಯಾಗ್ತಿದೆ. ಇದು ಕೂತಿದ್ದಕ್ಕೆ. ಇನ್ನೊಂದು ತಿಂಗಳು ಹೀಗೇ ಹೋದ್ರೆ ಇವರು ಮತ್ತೆ ನಡೆಯಲ್ಲ. ಆಮೇಲೆ ಬೆನ್ನಿಗೆ ಹುಣ್ಣು, ಎದೇಲಿ ಕಫ. ಆಗ ನಾನು ದಿನಾ ಬಂದ್ರೂ ಪ್ರಯೋಜನ ಇಲ್ಲ."

"ನಾನು ಕಿವುಡಿ ಅಲ್ಲಮ್ಮ," ಎಂದಳು ಅಕೆನೇಸೆ.

"ನಿಮಗೂ ಕೇಳ್ಲಿ ಅಂತಾನೇ ಹೇಳಿದೆ ಅಜ್ಜಿ."

ಫಾಲನಿಕೊ ಲೂಪೆಯನ್ನು ಜೀಪಿನವರೆಗೆ ಬಿಟ್ಟುಬಂದ. ಜೀಪು ಹೋದಮೇಲೆ ಬಸ್ಸು ತೊಳೆದ. ಸಂಜೆ ತಾಯಿಯನ್ನು ಕುರ್ಚಿಯಿಂದ ಎತ್ತಿ ಮಂಚಕ್ಕೆ ಒಯ್ಯುವಾಗ ಹೆಂಡತಿಯ ಮುಖ ನೋಡಿ, "ಹಗುರ ಆಗಿದ್ದಾರೆ," ಎಂದ. ಆದರೂ ಮಾರನೆಯ ದಿನವೂ ಎತ್ತಿದ. ಎತ್ತದೆ ಬಿಡುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಅಮ್ಮ ಕೈ ಚಾಚುತ್ತಿದ್ದಳು.

ಸೆಪ್ಟೆಂಬರ್ ಕೊನೆಗೆ ಚರ್ಚಿನ ಕಡೆಯಿಂದ ಮಕ್ಕಳ ಹಾಡು ಕೇಳತೊಡಗಿತು. ಅಕ್ಟೋಬರಿನಲ್ಲಿ ಬಿಳಿ ಭಾನುವಾರ. ಅಂದು ಮಕ್ಕಳು ಬಿಳಿ ಬಟ್ಟೆ ತೊಟ್ಟು ಚರ್ಚಿನಲ್ಲಿ ವಚನ ಒಪ್ಪಿಸುತ್ತಾರೆ, ಹಾಡುತ್ತಾರೆ. ಮನೆಗೆ ಬಂದಮೇಲೆ ಮೊದಲ ಪಂಕ್ತಿ ಅವರದು. ವರ್ಷವಿಡೀ ಹಿರಿಯರು ಉಂಡಮೇಲೆ ಉಣ್ಣುವ ಮಕ್ಕಳು ಅದೊಂದು ದಿನ ಮೊದಲು ಕೂರುತ್ತಾರೆ, ಹಿರಿಯರು ನಿಂತು ಬಡಿಸುತ್ತಾರೆ. ಅಕೆನೇಸೆಯ ಮನೆಯಲ್ಲಿ ಮಕ್ಕಳ ಮುಂದೆ ಮೊದಲ ತಟ್ಟೆ ಇಡುವವಳು ಅವಳೇ. ತನ್ನ ಮಕ್ಕಳಿಗೆ ಇಟ್ಟಳು, ಮೊಮ್ಮಕ್ಕಳಿಗೆ ಇಟ್ಟಳು. ಒಂದು ವರ್ಷವೂ ತಪ್ಪಿಸಿರಲಿಲ್ಲ.

ಹಾಡು ಕೇಳಿದ್ದೇ ಅವಳಿಗೆ ಹುಮ್ಮಸ್ಸು ಬಂತು. "ಕೋಳಿ ಹೇಳಿದ್ದೀಯಾ? ಐಸ್ ಕ್ರೀಮ್ ಪೇಟೆಯಿಂದ ಹಿಂದಿನ ದಿನ ತಂದ್ರೆ ಕರಗುತ್ತೆ, ಎಸೆತಾ ಮನೆ ಫ್ರಿಜ್ಜಿಗೆ ಈಗ್ಲೇ ಹೇಳಿಡು. ಚಿಕ್ಕವನ ಅಂಗಿ ಹೊಲಿದಾಯ್ತಾ? ಕಳೆದ ಸಲದ್ದು ಕಂಕುಳಲ್ಲಿ ಬಿಗಿ ಇತ್ತು."

ಮಾಕೆರಿತಾ ಬೆಳಗಿನಿಂದ ಒಗೆದು, ಬೇಯಿಸಿ, ಅತ್ತೆಗೆ ಸ್ನಾನ ಮಾಡಿಸಿ, ಆಗಷ್ಟೇ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು.

"ಹೊಲೀತಿದ್ದೀನಿ ಅತ್ತೆ."

"ಮೊದಲ ತಟ್ಟೆ ಚಿಕ್ಕವನಿಗೆ. ಕಳೆದ ವರ್ಷ ದೊಡ್ಡವನಿಗಿಟ್ಟೆ ಅಂತ ಅತ್ತುಬಿಟ್ಟ. ದೊಡ್ಡ ತಟ್ಟೆ ತೆಗೆದಿಡು, ನೀಲಿ ಅಂಚಿಂದು."

"ನೀವು ಕುರ್ಚಿಲಿ ಕೂತು ಹೇಗೆ ಬಡಿಸ್ತೀರಿ ಅತ್ತೆ?" ಮಾಕೆರಿತಾ ದಾರ ಕಡಿಯುತ್ತ ಅಂದುಬಿಟ್ಟಳು. "ಎಸೆತಮ್ಮನಿಗೆ ಹೇಳಿದ್ದೀನಿ. ಈ ಸಲ ಅವರು ಬಂದು ಇಡ್ತಾರೆ ಬಿಡಿ."

ಎಸೆತಾಗೆ ಅವಳು ಹೇಳಿರಲಿಲ್ಲ. ಆ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಿರಲಿಲ್ಲ. ಬಾಯಿಂದ ಬಿದ್ದಮೇಲೆ ಹೊಲಿಗೆ ಯಂತ್ರದ ಚಕ್ರ ಹಿಡಿದುಕೊಂಡು ಕೂತಳು.

"ಎಸೆತಾನ?" ಎಂದಳು ಅಕೆನೇಸೆ.

"ಅತ್ತೆ, ನಾನು..."

"ನನ್ನ ಮೊಮ್ಮಕ್ಕಳಿಗೆ? ಎಸೆತಾನ?"

ಆಮೇಲೆ ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟಳು. ಮಾಕೆರಿತಾ ಅಂಗಿಯ ತೋಳನ್ನು ತಿರುಗುಮುರುಗಾಗಿ ಹೊಲಿದು, ಬಿಚ್ಚಿ, ಮತ್ತೆ ಹೊಲಿದಳು. ಕ್ಷಮೆ ಕೇಳಬೇಕೆಂದು ನಾಲ್ಕು ಸಲ ಎದ್ದು ನಾಲ್ಕು ಸಲ ಕೂತಳು. ಬಿಸಿಲು ಇಳಿಯುವ ಹೊತ್ತಿಗೆ ಹಿಂದಿನಿಂದ ಸದ್ದಾಯಿತು. ತಿರುಗಿದರೆ, ಅಕೆನೇಸೆ ವಾಕರ್ ಹಿಡಿದು ನಿಂತಿದ್ದಳು. ಮೊಣಕಾಲು ಥರಥರ ನಡುಗುತ್ತಿತ್ತು.

"ನೋಡ್ತಾ ಏನು ಕೂತಿದ್ದೀಯ? ಬೀಳ್ತೀನೋ ಇಲ್ಲವೋ ಅಂತ ಲೆಕ್ಕ ಹಾಕ್ತಿದ್ದೀಯಾ? ಪಕ್ಕದಲ್ಲಿ ಬಾ."

ಮಾಕೆರಿತಾ ಪಕ್ಕದಲ್ಲಿ ನಡೆದಳು. ಕೈ ಕೊಡಲು ಹೋದರೆ ಅತ್ತೆ ಕೆಕ್ಕರಿಸಿ ನೋಡಿದಳು. ಕಂಬ ಮುಟ್ಟಿ ತಿರುಗಿ ಬಂದರು.

"ಎಸೆತಾಗೆ ಹೇಳು," ಎಂದಳು ಅಕೆನೇಸೆ ಏದುಸಿರಿನಲ್ಲಿ ಕುರ್ಚಿಗೆ ಕುಸಿಯುತ್ತ, "ಅವಳಿಗೆ ಅವಳ ಮನೇಲೇ ಬೇಕಾದಷ್ಟು ಮಕ್ಕಳಿದ್ದಾರೆ ಅಂತ."

ಲೂಪೆಗೆ ವಿಷಯ ತಿಳಿದಾಗ ನಕ್ಕು ಸುಸ್ತಾದಳು. "ನಾನು ಇಷ್ಟು ದಿನ ತಲೆ ಚಚ್ಕೊಂಡೆ. ಅಕ್ಕ, ನೀವು ನನ್ನ ಜೊತೆ ಆಸ್ಪತ್ರೆಗೆ ಬನ್ನಿ." ಮಾಕೆರಿತಾ ನಗಲಿಲ್ಲ. "ನಾನು ಸುಳ್ಳು ಹೇಳಿದೆ," ಎಂದಳು. ಲೂಪೆ ಆಗಲೇ ಅಕೆನೇಸೆಯ ಕಡೆ ತಿರುಗಿದ್ದಳು. ಬಡಿಸಬೇಕಾದರೆ ಎರಡೂ ಕೈ ಬಿಡುವಿರಬೇಕು. ಹಾಗಾಗಿ ವಾಕರ್ ಬಿಟ್ಟು ಕೋಲು, ಕೋಲು ಬಿಟ್ಟು ಬರಿಗೈ. ಅಡುಗೆಮನೆಯಿಂದ ಬರಬೇಕಾದರೆ ಜಲ್ಲಿ ದಾಟಬೇಕು, ಮೆಟ್ಟಿಲು ಹತ್ತಬೇಕು. ಒಳ್ಳೆಯ ಕಾಲು ಮೊದಲು ಮೇಲೆ, ನೋವಿನ ಕಾಲು ಆಮೇಲೆ. ಖಾಲಿ ತಟ್ಟೆ ಹಿಡಿದು ಅಭ್ಯಾಸ, ಆಮೇಲೆ ತಟ್ಟೆಯ ಮೇಲೆ ಕೆಸುವಿನ ಗೆಡ್ಡೆ ಇಟ್ಟು.

ಊರು ನೋಡಿತು. ಆದರೆ ಈಗ ಕೇಳಿದವರಿಗೆ ಹೇಳಲು ಮಾತಿತ್ತು. "ಅಜ್ಜಿ ಬಿಳಿ ಭಾನುವಾರಕ್ಕೆ ತಯಾರಿ ಮಾಡ್ತಿದ್ದಾರೆ," ಎಂದು ವಾಯೊಲಾ ರಸ್ತೆಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳಿದಳು. ಅದಕ್ಕೆ ಯಾರು ಏನನ್ನಬಲ್ಲರು? ಪಾದ್ರಿಯ ಹೆಂಡತಿ ನಿಂತು ನೋಡಿ, "ಇಂಥ ಅಜ್ಜಿ ಎಲ್ಲ ಮಕ್ಕಳಿಗೂ ಸಿಗಲಿ," ಎಂದು ಹರಸಿ ಹೋದಳು. ಮಾಸಿನಾ ಕೂಡ ಫೋನಿನಲ್ಲಿ ವರಸೆ ಬದಲಿಸಿದಳು. "ಅಮ್ಮ, ನೆಲ ನೋಡ್ಬೇಡ, ಮುಂದೆ ನೋಡು. ಅತ್ತಿಗೆ, ಎಡಗಡೆ ನಿಲ್ಲು, ಎಡಗಡೆ. ಇಲ್ಲಿ ನಾವು ಹಾಗೇ ಮಾಡೋದು."

ಎಲ್ಲ ದಿನವೂ ಒಂದೇ ಥರ ಇರಲಿಲ್ಲ. ಒಮ್ಮೆ ಮಳೆ ಬಂದು ಜಲ್ಲಿ ಜಾರುತ್ತಿತ್ತು, ಅಕೆನೇಸೆ ಹೆದರಿ ಎರಡು ದಿನ ಕುರ್ಚಿ ಬಿಡಲಿಲ್ಲ. ಒಮ್ಮೆ ಮೆಟ್ಟಿಲ ಮೇಲೆ ತಟ್ಟೆ ಕೈತಪ್ಪಿ ನೀಲಿ ಅಂಚು ಒಡೆಯಿತು. "ದರಿದ್ರದ ಕಾಲು!" ಎಂದು ಅತ್ತಳು. ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ ಫಾಲನಿಕೊ ಓಡಿ ಬಂದು ಎರಡೂ ಕೈ ಮುಂದೆ ಚಾಚಿದ. ಮಾಕೆರಿತಾ ಅವನ ಅಂಗಿ ಹಿಡಿದು ಎಳೆದಳು. ಹದಿನೈದು ವರ್ಷದ ಸಂಸಾರದಲ್ಲಿ ಎಲ್ಲರೆದುರು ಗಂಡನನ್ನು ಹಾಗೆ ಹಿಡಿದು ನಿಲ್ಲಿಸಿದ್ದು ಅದೇ ಮೊದಲು.

"ಬಿಡಿ. ಅವರೇ ಬರ್ತಾರೆ."

"ಅಳ್ತಿದ್ದಾರಲ್ಲೇ!"

"ಅಳ್ಲಿ. ಅಳ್ತಾ ಅಳ್ತಾ ಬರ್ತಾರೆ."

ಅಕೆನೇಸೆ ಹಾಗೆಯೇ ಬಂದಳು, ಇಬ್ಬರನ್ನೂ ಬೈಯುತ್ತ.

ಬಿಳಿ ಭಾನುವಾರ ಬೆಳಗ್ಗೆ ಗಂಡಸರು ಕಲ್ಲು ಕಾಯಿಸಿ, ಕೋಳಿ, ಹಂದಿ, ಕೆಸುವಿನ ಗೆಡ್ಡೆ ಎಲ್ಲವನ್ನೂ ಎಲೆ ಮುಚ್ಚಿ ಬೇಯಲಿಟ್ಟರು. ಚರ್ಚಿನಲ್ಲಿ ಚಿಕ್ಕವನು ವಚನ ಮರೆತು ನಿಂತಾಗ ಮೊದಲ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಅಜ್ಜಿ ತುಟಿಯಾಡಿಸಿ ಹೇಳಿಕೊಟ್ಟಳು. ಇಡೀ ಸಭೆಗೆ ಕೇಳಿತು. ಮನೆಗೆ ಬಂದು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತರು. ವಾಯೊಲಾ ದೊಡ್ಡವಳಾದೆ ಎಂದು ನಾಚಿಕೊಂಡರೂ ಕೂತಳು.

ಅಕೆನೇಸೆ ಕೋಲನ್ನು ಅಡುಗೆಮನೆಯ ಕಂಬಕ್ಕೆ ಒರಗಿಸಿ, ತಟ್ಟೆ ಎತ್ತಿಕೊಂಡಳು. ಕೋಳಿ, ಗೆಡ್ಡೆ, ಸೇಮಿಗೆ, ಮೇಲೊಂದು ಸಿಹಿ ಬನ್ನು. ಮಾಕೆರಿತಾ ಒಂದು ಹೆಜ್ಜೆ ಹಿಂದೆ ನಡೆದಳು. ಕೈ ಮುಂದೆ ಹೋಗದಿರಲೆಂದು ಸೊಂಟಕ್ಕೆ ಸುತ್ತಿದ್ದ ಲುಂಗಿಯ ಅಂಚನ್ನೇ ಬಿಗಿಯಾಗಿ ಹಿಡಿದುಕೊಂಡಳು. ಜಲ್ಲಿ ದಾಟಿದ್ದಾಯಿತು. ಒಳ್ಳೆಯ ಕಾಲು ಮೆಟ್ಟಿಲ ಮೇಲೆ. ನೋವಿನ ಕಾಲು ಏಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಮಕ್ಕಳೂ ಉಸಿರು ಬಿಗಿಹಿಡಿದರು. ಆಮೇಲೆ ಅದೂ ಎದ್ದಿತು. ತಟ್ಟೆ ಚಿಕ್ಕವನ ಮುಂದೆ ಬಂದು ಕೂತಿತು, ಬನ್ನು ಉರುಳದೆ.

"ತಿನ್ನು," ಎಂದಳು ಅಕೆನೇಸೆ. "ಇನ್ನು ಅಳಬೇಡ, ಮೊದಲು ನಿಂಗೇ ಕೊಟ್ಟಿದ್ದೀನಿ."

ಫಾಲನಿಕೊ ಮುಖ ತೊಳೆಯುವ ನೆಪ ಮಾಡಿ ನಲ್ಲಿಯ ಕಡೆ ಹೋದ. ಎಸೆತಾ ತನ್ನ ಮನೆಯಿಂದಲೇ ಕೂಗಿದಳು: "ಐಸ್ ಕ್ರೀಮ್ ಕಳಿಸ್ಲಾ, ಇಲ್ಲ ಅದನ್ನೂ ನೀನೇ ಬಂದು ತಗೊಂಡು ಹೋಗ್ತೀಯಾ?"

ಎಲ್ಲರೂ ನಕ್ಕರು. ಮಾಕೆರಿತಾ ಮಾತ್ರ ನಗುತ್ತಲೇ ಮುಂದಿನದನ್ನು ಯೋಚಿಸುತ್ತಿದ್ದಳು. ಹಬ್ಬ ಇಂದಿಗೆ ಮುಗಿಯುತ್ತದೆ. ನಾಳೆ ಹಿರಿಯರು ಹಿರಿಯರೇ, ಸೊಸೆ ಸೊಸೆಯೇ. ನಾಳೆ ಅತ್ತೆ ಏಳಬೇಕಾದ ಕಾರಣವೇನಿದೆ?

ಅವಳ ಭಯ ಸುಳ್ಳಾಗಲಿಲ್ಲ. ಸೋಮವಾರ ಬೆಳಗ್ಗೆ ಅಕೆನೇಸೆ ಕುರ್ಚಿಯಲ್ಲಿ ಒರಗಿ, "ಮೈಯೆಲ್ಲ ನೋವು. ನೀರು ತಾ," ಎಂದಳು. ಮಾಕೆರಿತಾ ನೀರು ತುಂಬಿದ ಲೋಟ ಹಿಡಿದು ನಿಂತಳು. ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಅವಳು ಲೋಟವನ್ನು ಕಂಬದ ಹತ್ತಿರದ ಸ್ಟೂಲಿನ ಮೇಲಿಟ್ಟಳು.

"ಇಲ್ಲಿದೆ ಅತ್ತೆ."

"ಹಬ್ಬ ಮುಗೀತಲ್ಲ."

"ಮುಗೀತು."

"ಮತ್ತೆ?"

"ಮತ್ತೆ ಏನಿಲ್ಲ. ನೀರು ಇಲ್ಲಿದೆ," ಎಂದು ಹೇಳಿ ಹಿತ್ತಲಿಗೆ ಬಂದಳು. ಈ ಸಲ ಬಾಳೆಗಿಡದ ಸಂದಿಯಿಂದ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಗೆಡ್ಡೆ ಹೆರೆದಳು, ಒಲೆಗೆ ತೆಂಗಿನ ಚಿಪ್ಪು ಹಾಕಿದಳು. ರಾತ್ರಿ ಗಂಡ ಏನೆನ್ನುವನೋ, ಮಾಸಿನಾ ಏನೆನ್ನುವಳೋ. ತಾನೇ ತಪ್ಪು ತಿಳಿದಿದ್ದರೆ? ಎಪ್ಪತ್ತು ದಾಟಿದ ಹೆಂಗಸು, ನಿಜವಾಗಿಯೂ ನೋಯುತ್ತಿದ್ದರೆ? ಬೇಯುತ್ತಿದ್ದದ್ದನ್ನು ಬಿಟ್ಟು, ಕೈ ಒರೆಸಿಕೊಳ್ಳುತ್ತ ಒಳಗೆ ಓಡಿದಳು.

ಕುರ್ಚಿ ಖಾಲಿ. ಮಂಚ ಖಾಲಿ. ಲೋಟವೂ ಖಾಲಿ. ಕೋಲು ಇರಲಿಲ್ಲ.

ಮಾಕೆರಿತಾ ಹೊರಗೋಡಿದಳು. ನಲ್ಲಿಯ ಹತ್ತಿರ ನೋಡಿದಳು, ಶೌಚಾಲಯದ ಹತ್ತಿರ ನೋಡಿದಳು. ದಾಸವಾಳದ ಬೇಲಿಯ ಪಕ್ಕದಲ್ಲಿ ಹಾದು ರಸ್ತೆಗೆ ಇಳಿಯಬೇಕೆನ್ನುವಾಗ ಆ ಕಡೆಯಿಂದ ಪರಿಚಿತ ದನಿ ಕೇಳಿತು. ಎಸೆತಾಳ ಮನೆಯೊಳಗಿಂದ.

"...ನೀರು ಅಂದ್ರೆ ನೀರು ಕೊಡಲ್ಲ ಕಣೆ! ಲೋಟ ತೋರಿಸಿ ಹೋಗ್ತಾಳೆ, ಬೆಕ್ಕಿಗೆ ತೋರಿಸಿದ ಹಾಗೆ. ಆಚೆ ಬದಿ ಊರಿನವರೇ ಹಾಗೆ, ಕಲ್ಲು ಮನಸ್ಸು. ನಮ್ಮ ಅತ್ತೆಗೆ ನಾವು ಹಾಗೆ ಮಾಡಿದ್ವಾ?"

"ಮಾಡಿದ್ರೆ ಬಿಡ್ತಿದ್ಲಾ?" ಎಂದಳು ಎಸೆತಾ. "ನಿನ್ನ ಸೊಸೆಗೆ ಸ್ವಲ್ಪ ಜೋರು ಬಂದಿದೆ ಬಿಡು. ಕೋಕೋ ಇನ್ನೊಂದು ಬಟ್ಟಲು ಹಾಕ್ಲಾ?"

"ಹಾಕು. ಸಕ್ಕರೆ ಜಾಸ್ತಿ. ಅವಳು ಅದನ್ನೂ ಕಡಿಮೆ ಮಾಡಿದ್ದಾಳೆ. ಇನ್ನೂ ಕೇಳು, ಮೊನ್ನೆ ಏನಾಯ್ತು ಗೊತ್ತಾ..."

ಮಾಕೆರಿತಾ ಬೇಲಿಗೆ ಬೆನ್ನು ಕೊಟ್ಟು ನಿಂತಳು. ಹಾಗೇ ಕೆಳಗೆ ಜಾರಿ ಹುಲ್ಲಿನ ಮೇಲೆ ಕೂತಳು. ಎಷ್ಟೋ ವಾರಗಳಿಂದ ಹಗಲು ಹೊತ್ತಿನಲ್ಲಿ ಅವಳು ಕೂತೇ ಇರಲಿಲ್ಲ.

ಅಪಿಯಾದಿಂದ ಬಂದ ಬಸ್ಸು ಮನೆಯ ಮುಂದೆ ನಿಂತಿತು. ಫಾಲನಿಕೊ ಖಾಲಿ ಕುರ್ಚಿ ನೋಡಿ ಗಾಬರಿಯಿಂದ ಇಳಿದ. "ಅಮ್ಮ ಎಲ್ಲಿ?"

"ಎಸೆತಮ್ಮನ ಮನೇಲಿ."

"ಯಾರು ಎತ್ಕೊಂಡು ಹೋದ್ರು?"

"ಯಾರೂ ಇಲ್ಲ. ನಡ್ಕೊಂಡು ಹೋಗಿದ್ದಾರೆ."

"ಅಷ್ಟು ದೂರ? ಯಾಕೆ? ಏನಾಯ್ತು?"

"ಏನೂ ಆಗಿಲ್ಲ ರೀ," ಎಂದಳು ಮಾಕೆರಿತಾ ಕಣ್ಣೊರೆಸಿಕೊಂಡು ನಗುತ್ತ. "ನನ್ನ ಬೈಯೋಕೆ ಹೋಗಿದ್ದಾರೆ. ಇನ್ನೂ ಮುಗಿದಿಲ್ಲ, ನೀವು ಊಟ ಮಾಡಿ."